ಅಮ್ಮಿ ಬಾಕಿ ಉಳಿಸಿಕೊಂಡ ರೋಜಾ

ನಮ್ಮ ಅಮ್ಮಿ ಊಟ ಬಿಟ್ಟದ್ದು ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಆಕೆ ಅದಕ್ಕೆ ದೇವರ ಹೆಸರು ಇಟ್ಟಿದ್ದಳು. ಸೋಮವಾರ ಕೇಳಿದರೆ ರೋಜಾ, ಗುರುವಾರ ಕೇಳಿದರೆ ರೋಜಾ. ಬರಬರುತ್ತ ನಡುವಿನ ದಿನಗಳೂ ಅದರಲ್ಲಿ ಸೇರಿಕೊಂಡವು. "ಈಗ ರಂಜಾನ್ ಇಲ್ಲಲ್ಲ ಅಮ್ಮಿ, ಯಾವ ರೋಜಾ?" ಅಂದರೆ "ಕಜಾ" ಅನ್ನುವಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ರಂಜಾನ್ ತಿಂಗಳಲ್ಲಿ ಕಾರಣಾಂತರದಿಂದ ಬಿಟ್ಟುಹೋದ ಉಪವಾಸವನ್ನು ಆಮೇಲೆ ಹಿಡಿದು ತೀರಿಸುವುದಕ್ಕೆ ನಾವು ಕಜಾ ಅನ್ನುತ್ತೇವೆ. ಗಂಡಸರಿಗೆ ಇದರ ತಾಪತ್ರಯ ಕಡಿಮೆ. ಹೆಂಗಸರಿಗೆ ತಿಂಗಳ ಮುಟ್ಟು, ಬಸಿರು, ಬಾಣಂತನ, ಕೂಸಿಗೆ ಹಾಲು ಅಂತ ಬಿಟ್ಟುಹೋಗುವುದೇ ಹೆಚ್ಚು. ಹರೆಯದಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸಲು ಹೋಗುತ್ತಿದ್ದ ಅಮ್ಮಿಗೆ ಇದನ್ನೆಲ್ಲ ತೀರಿಸಲು ಪುರುಸೊತ್ತಾದರೂ ಎಲ್ಲಿತ್ತು? ವಯಸ್ಸಾದ ಮೇಲೆ ಒಂದೊಂದಾಗಿ ಹಿಡಿಯುತ್ತ ಬಂದಳು. ಇದು ಹೆಂಗಸರ ಒಳಗಿನ ಮಾತು, ಮಗನಾದವನು ಕೇಳುವಂತಿಲ್ಲ. ಮಗಳಾದ ನಾನು ಒಮ್ಮೆ "ಇನ್ನಾ ಎಷ್ಟ ಅದಾವ?" ಅಂತ ಕೇಳಿದೆ. "ನಿನ್ನ ಹೊಟ್ಟ್ಯಾಗ ಇಟ್ಕೊಂಡಾಗ ಬಿಟ್ಟಾವು ಹಿಡ್ಯಾಕತ್ತೇನಿ, ಸುಮ್ಮ ಕುಂದ್ರು" ಅಂದಳು. ಹೀಗೆ ಅಂದ ಮೇಲೆ ಯಾವ ಮಗಳು ಬಾಯಿ ತೆಗೆದಾಳು?

ನನ್ನದು ರಾಣೆಬೆನ್ನೂರಿನಲ್ಲಿ ಒಂದು ಹೊಲಿಗೆ ಅಂಗಡಿ. ಅಮ್ಮಿ ಬ್ಯಾಡಗಿಯಲ್ಲಿ ತಮ್ಮನ ಮನೆಯಲ್ಲಿ. ತಮ್ಮ ಒಂದು ಗೂಡ್ಸ್ ಗಾಡಿ ಇಟ್ಟುಕೊಂಡು ಮಾರ್ಕೆಟ್ಟಿನಿಂದ ಮೆಣಸಿನಕಾಯಿ ಚೀಲ ಸಾಗಿಸುತ್ತಾನೆ. ಮನೆಯಲ್ಲಿ ನಾವು ಉರ್ದು ಮಾತಾಡುವವರು, ಆದರೆ ಅಮ್ಮಿ ಹೊಸರಿತ್ತಿಯಲ್ಲಿ ಬೆಳೆದವಳು, ಆಮೇಲೆ ಜೀವಮಾನವೆಲ್ಲ ಕನ್ನಡದ ಹೆಂಗಸರ ಜೋಡಿ ಸಾಲಿನಲ್ಲಿ ಕೂತು ತೊಟ್ಟು ಬಿಡಿಸಿದವಳು. ಹಾಗಾಗಿ ಆಕೆಗೆ ಮುದ್ದು ಮಾಡಲು ಉರ್ದು, ಬೈಯಲು ಕನ್ನಡ. ನನ್ನ ಜೋಡಿ ಕನ್ನಡವೇ ಜಾಸ್ತಿ ಬಳಕೆಯಾಯಿತು ಅಂದರೆ ನಮ್ಮಿಬ್ಬರ ಸಂಬಂಧ ಎಂಥದಿತ್ತು ಅಂತ ತಿಳಿದುಕೊಳ್ಳಬಹುದು.

ಆ ವರ್ಷ ತಮ್ಮನ ಕೈಯಲ್ಲಿ ತನ್ನ ಜಂಪರುಗಳನ್ನು ಕಳಿಸುತ್ತಿದ್ದಳು. "ಬಟ್ಟಿ ಜಗ್ಗೇತಂತ, ಸ್ವಲ್ಪ ಹಿಡಿಬೇಕಂತ" ಎಂದು ಅವನು ಟೇಬಲ್ ಮೇಲೆ ಇಟ್ಟು ಹೋಗುವನು. ನಾನು ಪಕ್ಕದ ಹೊಲಿಗೆ ಹಿಡಿದು ವಾಪಸ್ ಕಳಿಸುತ್ತಿದ್ದೆ. ಸ್ವಲ್ಪ ದಿನಕ್ಕೆ ಮತ್ತೆ ಅವೇ ಜಂಪರು, ಮತ್ತೆ ಅದೇ ಮಾತು. ಹಳೆಯ ಬಟ್ಟೆ ಜಗ್ಗುವುದು ನಿಜ, ಆದರೆ ಪೆಟ್ಟಿಗೆಯಲ್ಲಿದ್ದ ಜಂಪರೆಲ್ಲ ಮಾತಾಡಿಕೊಂಡವರ ಹಾಗೆ ಒಟ್ಟಿಗೆ ಜಗ್ಗುವುದಿಲ್ಲ. ಅದು ಹೊಳೆಯಬೇಕಿತ್ತು. ಮದುವೆಯ ಹಂಗಾಮು, ಕಾಲ ಬುಡದಲ್ಲಿ ಊರ ಹೆಂಗಸರ ಬ್ಲೌಸ್ ಪೀಸುಗಳ ಗುಡ್ಡೆ, ಸೊಂಟ ಹಿಡಿದು ನಿಂತರೆ ಕೂರಲಾಗದು, ಕೂತರೆ ಏಳಲಾಗದು. ದಣಿದವರಿಗೆ ಕಣ್ಣು ಇದ್ದರೂ ಕಾಣುವುದು ಸೂಜಿಯ ತುದಿ ಮಾತ್ರ.

ಬ್ಯಾಡಗಿಯ ಓಣಿಯಲ್ಲಿ ಮಾತ್ರ ಅಮ್ಮಿಯ ಮರ್ಯಾದೆ ಏರುತ್ತಿತ್ತು. "ನಿಮ್ಮ ಅಮ್ಮಿ ಈ ವಯಸ್ಸಿನಾಗೂ ಎಷ್ಟ್ ರೋಜಾ ಹಿಡೀತಾಳ ನೋಡ್ರಿ, ನಮ್ಮ ಕೈಲೆ ಒಂದೂ ಆಗೂದಿಲ್ಲ" ಎಂದು ಪಕ್ಕದ ಮನೆಯವರು ನನಗೆ ಹೇಳಿದಾಗ ಹೆಮ್ಮೆಯೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ನನ್ನ ಕಜಾ ರೋಜಾಗಳೇ ಗಂಟು ಕಟ್ಟಿದ ಹಾಗೇ ಇದ್ದವು.

ಒಂದು ಗುರುವಾರ ಅಮ್ಮಿ ನನ್ನ ಮನೆಗೆ ಬಂದಳು. ರೋಜಾ ಇತ್ತು. ಹೊತ್ತು ಮುಳುಗಿ ಮಗ್ರಿಬ್ ಅಜಾನ್ ಆಯಿತು, ಖರ್ಜೂರ ಬಾಯಿಗೆ ಹಾಕಿಕೊಂಡಳು, ಅರ್ಧ ಕಪ್ಪು ಚಹಾ ಕುಡಿದಳು. ನಾನು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮುಂದಿಟ್ಟೆ. ಎರಡು ತುತ್ತು ತಿಂದವಳು ಕೈ ತೊಳೆಯುವ ನೆಪದಿಂದ ಹಿತ್ತಲಿಗೆ ಹೋದಳು. ಬಚ್ಚಲ ಗೋಡೆಯ ಆಚೆಯಿಂದ ಆಕೆ ಓಕರಿಸುವ ಸಪ್ಪಳ ಕೇಳಿತು. ಸಪ್ಪಳ ಆಗಬಾರದು ಅಂತ ನಲ್ಲಿ ಬಿಟ್ಟಿದ್ದಳು.

"ಏನಾತಮ್ಮಿ?"

"ಖಾರ ಹತ್ತೇತಿ."

ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಘಾಟು ಕುಡಿದು ಬದುಕಿದವಳು, ನನ್ನ ಎಣ್ಣೆಗಾಯಿ ಖಾರ ಅನ್ನುತ್ತಾಳೆ! ಆಕೆಯ ರಟ್ಟೆ ಹಿಡಿದು ಒಳಗೆ ಕರೆತಂದೆ. ಕೈಗೆ ಸಿಕ್ಕಿದ್ದು ಬರೀ ಎಲುಬು. ಆಗ ಜಂಪರುಗಳು ನೆನಪಾದವು.

ಮರುದಿನವೇ ರಾಣೆಬೆನ್ನೂರಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಕಣ್ಣ ಕೆಳಗೆ ನನ್ನ ಹಾಗೆಯೇ ಕಪ್ಪು. ಹೊಟ್ಟೆಗೆ ಜೆಲ್ ಹಚ್ಚಿ, ಯಂತ್ರದ ಹಿಡಿಕೆ ಇಟ್ಟು ಅತ್ತಿತ್ತ ಸರಿಸಿ ನೋಡಿದರು. ಅವರ ಹುಬ್ಬು ಗಂಟಾಯಿತು.

"ಅಮ್ಮಾ, ಒಂದು ಕೆಲಸ ಮಾಡ್ರಿ. ಹೊರಗ ಕುಂತು ಹೊಟ್ಟಿ ತುಂಬ ನೀರು ಕುಡದು ಬರ್ರಿ. ಜಠರ ಹಿಗ್ಗಿದ್ರ ಅದರ ಗೋಡಿ ನನಗ ಚಂದ ಕಾಣ್ತದ."

"ರೋಜಾ ಐತ್ರಿ" ಅಂದಳು ಅಮ್ಮಿ.

ಡಾಕ್ಟರಮ್ಮ ಮರ್ಯಾದಸ್ಥರು. "ಹೌದೇನ್ರಿ? ಹಂಗಾರ ನಾಳೆ ಬರ್ರಿ" ಅಂದರು. ಮರುದಿನ ಹೋದರೆ ಅವತ್ತೂ ರೋಜಾ. ಅಂಗಡಿಯ ಬಾಗಿಲು ಅರ್ಧ ಹಾಕಿ ಬಂದ ನಾನು ಆ ಬೆಂಚಿನ ಮೇಲೆ ಕೂತು ಆಕೆಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಲಿಲ್ಲ, ಎದುರಿಗಿದ್ದ ಕ್ಯಾಲೆಂಡರ್ ನೋಡುತ್ತಿದ್ದಳು.

"ಬೀಮಾರಿ ಇದ್ದವರಿಗೆ ಮಾಫಿ ಐತಿ ಅಂತ ನನಗ ಕಲಿಸಿದಾಕಿನ ನೀ" ಅಂದೆ.

"ನನಗೇನ ಬೀಮಾರಿ?"

"ಅದನ್ನ ನೋಡಾಕ ಬಂದೇವಿ."

"ನೋಡಿದ್ರ ಇರತದ. ನೋಡಲಿಲ್ಲಂದ್ರ ಏನೂ ಇರೂದಿಲ್ಲ."

ನಾನು ಹೊರಗೆ ಹೋಗಿ ನೀರಿನ ಬಾಟಲಿ ತಂದು ಆಕೆಯ ತೊಡೆಯ ಮೇಲೆ ಇಟ್ಟೆ. ಇಟ್ಟು, ಅಲ್ಲೇ, ಬೆಂಚಿನ ಮೇಲಿದ್ದ ನಾಲ್ಕು ಮಂದಿಯ ಮುಂದೆ ಅತ್ತುಬಿಟ್ಟೆ. ಅಳಬೇಕು ಅಂತ ಅತ್ತದ್ದಲ್ಲ, ದಣಿವಿಗೆ ಬಂದ ಅಳು ಅದು. ಅಮ್ಮಿ ನನ್ನನ್ನು ನೋಡಿದಳು, ಸುತ್ತ ನೋಡಿದಳು, "ನಗಿಗೇಡು, ನಗಿಗೇಡು" ಎಂದು ಗೊಣಗುತ್ತ ಬಿಸ್ಮಿಲ್ಲಾ ಹೇಳಿ ನೀರು ಕುಡಿದಳು. ಒಮ್ಮೆಲೇ ಆಗಲಿಲ್ಲ, ಗುಟುಕು ಗುಟುಕಾಗಿ, ನಡುವೆ ಕಣ್ಣು ಮುಚ್ಚಿ ತಡೆದುಕೊಳ್ಳುತ್ತ ಕುಡಿದಳು. ಒಂದು ಬಾಟಲಿ ನೀರು ಒಳಗೆ ಇಳಿಸುವುದೇ ಆಕೆಗೆ ಅಷ್ಟು ಭಾರ ಆಗಿತ್ತು, ನಮಗೆ ಯಾರಿಗೂ ತಿಳಿದಿರಲಿಲ್ಲ.

ನೀರು ತುಂಬಿದ ಮೇಲೆ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಕಪ್ಪಗೆ ಕಾಣುವುದು ನೀರು, ಅದರ ಸುತ್ತ ಇರುವುದು ಜಠರದ ಗೋಡೆ. ಅದು ತೆಳ್ಳಗೆ ಇರಬೇಕಾದ್ದು, ಒಂದು ಕಡೆ ಬೆರಳಿನಷ್ಟು ದಪ್ಪ ಆಗಿತ್ತು. "ಗೋಡಿ ದಪ್ಪ ಆಗೇದ್ರಿ. ಯಾಕ ಆಗೇದ ಅಂತ ಇದರಾಗ ಗೊತ್ತಾಗೂದಿಲ್ಲ. ಹಾವೇರಿಗೆ ಹೋಗಿ ಬಾಯಿಂದ ಕ್ಯಾಮೆರಾ ಬಿಟ್ಟು ನೋಡಿಸ್ರಿ" ಅಂದರು.

ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ನಾನು ರಾಣೆಬೆನ್ನೂರಿನಿಂದ ಬಸ್ಸು ಹತ್ತುವುದು, ತಮ್ಮ ಅಮ್ಮಿಯನ್ನು ಬ್ಯಾಡಗಿಯಿಂದ ಮೋಟೆಬೆನ್ನೂರು ಕ್ರಾಸಿಗೆ ತಂದು ನಿಲ್ಲಿಸುವುದು, ಅಲ್ಲಿ ಆಕೆಯನ್ನು ಬಸ್ಸಿಗೆ ಹತ್ತಿಸಿಕೊಂಡು ಹಾವೇರಿಗೆ ಹೋಗುವುದು. ಆಕೆ ಕಿಟಕಿಗೆ ತಲೆ ಆನಿಸಿ ಮಲಗುತ್ತಿದ್ದಳು. ನಾನು ಬ್ಯಾಗಿನಿಂದ ಒಂದು ಜಂಪರು ತೆಗೆದು ಹುಕ್ಕು ಹಚ್ಚುತ್ತ ಕೂರುತ್ತಿದ್ದೆ. ರಸ್ತೆ ಕುಲುಕಿದಾಗೊಮ್ಮೆ ಬೆರಳಿಗೆ ಚುಚ್ಚುತ್ತಿತ್ತು.

ಹಾವೇರಿಯಲ್ಲಿ ಇನ್ನೊಬ್ಬ ಡಾಕ್ಟರು ಎಂಡೋಸ್ಕೋಪಿ ಮಾಡಿದರು. ಬಾಯಿಂದ ನಳಿಗೆ ಬಿಟ್ಟು, ಜಠರವನ್ನು ಒಳಗಿನಿಂದ ನೋಡಿ, ಅಲ್ಲಲ್ಲಿ ಚಿವುಟಿ ತುಣುಕು ತೆಗೆದರು. ಅದರ ರಿಪೋರ್ಟು ಬಂದಾಗ ಏನೂ ಕೆಟ್ಟದ್ದಿಲ್ಲ, ಸ್ವಲ್ಪ ಉರಿಯೂತ ಅಷ್ಟೇ ಅಂತ ಇತ್ತು. ತಮ್ಮ ನಿಂತ ಕಾಲಲ್ಲೇ ಹೋಗಿ ಜಿಲೇಬಿ ತಂದ. ಅಮ್ಮಿ ಒಂದು ಚೂರು ಬಾಯಿಗೆ ಇಟ್ಟುಕೊಂಡು ಎಲ್ಲರ ಮುಂದೆ ನಕ್ಕಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆ ಚೂರು ಸೆರಗಿನಲ್ಲಿ ಹೋಯಿತು ಅಂತ ನನಗೆ ಮಾತ್ರ ಕಂಡಿತು.

"ಆಪಾ, ಏನೂ ಇಲ್ಲಂದ ಮ್ಯಾಲೂ ನಿನಗ ಸಮಾಧಾನಿಲ್ಲಲ್ಲ" ಎಂದು ತಮ್ಮ ನನ್ನ ಮೇಲೆ ಸಿಟ್ಟಾದ. ಸಮಾಧಾನ ನನಗೂ ಬೇಕಿತ್ತು. ಅವನಿಗಿಂತ ಹೆಚ್ಚಾಗಿ ಬೇಕಿತ್ತು, ಯಾಕೆಂದರೆ ಬಸ್ಸು ಹತ್ತುವವಳು ನಾನು. ಆದರೂ ಆ ರಿಪೋರ್ಟು ಹಿಡಿದುಕೊಂಡು ಮತ್ತೆ ಸ್ಕ್ಯಾನಿಂಗ್ ಡಾಕ್ಟರಮ್ಮನ ಹತ್ತಿರ ಹೋದೆ.

ಅವರು ಓದಿ ತಲೆ ಅಲ್ಲಾಡಿಸಿದರು. "ರಿಪೋರ್ಟ್ ಸುಳ್ಳಲ್ರಿ. ಆದ್ರ ಜಠರದ ಗೋಡಿ ಅಂದ್ರ ಒಂದ ಪದರ ಅಲ್ಲ. ಒಳಗಿಂದ ಚಿವುಟಿದಾಗ ಒಳಗಿನ ಪದರ ಅಷ್ಟ ಕೈಗೆ ಬಂದದ. ದಪ್ಪ ಆಗಿರೋದು ಅದರ ಹಿಂದಿನ ಪದರ."

ನನಗೆ ಫಕ್ಕನೆ ಅರ್ಥವಾಯಿತು. ಅಸ್ತರು ಹಾಕಿದ ಬಟ್ಟೆಯಲ್ಲಿ ನಡುವೆ ಇಟ್ಟ ಕ್ಯಾನ್ವಾಸ್ ಗಂಟುಗಟ್ಟಿದ್ದರೆ, ಅಸ್ತರಿನ ಚೂರು ಕತ್ತರಿಸಿ ನೋಡಿ ಏನು ಪ್ರಯೋಜನ? ಅಸ್ತರು ಚೆನ್ನಾಗಿಯೇ ಇರುತ್ತದೆ.

"ಹಂಗಾರ ಏನ ಮಾಡೂದ್ರಿ?"

"ಹೊರಗಿಂದ, ಹೊಟ್ಟಿ ಮ್ಯಾಲಿಂದ ಸೂಜಿ ಬಿಟ್ಟು ಆ ದಪ್ಪ ಗೋಡಿಯೊಳಗಿಂದ ತುಣುಕು ತಗೀಬೇಕು. ಕುರುಡ್ರಂಗ ಚುಚ್ಚೂದಲ್ಲ. ಸ್ಕ್ಯಾನಿಂಗ್‌ನಾಗ ಸೂಜಿ ಎಲ್ಲಿ ಹೊಂಟೇತಿ ಅಂತ ನೋಡಕೋತ, ರಕ್ತನಾಳ ತಪ್ಪಿಸಿ, ಗೋಡಿ ಉದ್ದಕ್ಕ ಓರೆಯಾಗಿ ಬಿಡತೇವಿ. ಹಾವೇರಿ ಆಸ್ಪತ್ರಿಗೆ ನಾನ ಬರತೇನಿ, ಅಲ್ಲೇ ಮಾಡೂಣು."

ಅಪಾಯ ಏನು ಅಂತ ಕೇಳಿದೆ. ರಕ್ತ ಸೋರಬಹುದು, ಅಪರೂಪಕ್ಕೆ ಜಠರದಿಂದ ಒಳಗೆ ಸೋರಬಹುದು, ಅದಕ್ಕೇ ಮಾಡಿದ ಮೇಲೆ ಕೆಲವು ತಾಸು ಮಲಗಿಸಿ ನೋಡಿಕೊಳ್ಳುತ್ತೇವೆ ಅಂದರು. ಮುಚ್ಚಿಡಲಿಲ್ಲ. ಮತ್ತೆ ಅಂದರು: "ಇದು ಟಿಬಿ ಇರಬಹುದು, ಗುಳಿಗಿ ಮ್ಯಾಲೆ ಹೋಗ್ತದ. ಗ್ರಂಥಿ ಜಾತಿಯ ಕ್ಯಾನ್ಸರ್ ಇರಬಹುದು, ಅದೂ ಔಷಧಕ್ಕ ಬಗ್ಗತದ. ಜಠರದ್ದ ಕ್ಯಾನ್ಸರ್ ಆದ್ರ ಕಠಿಣ. ಒಂದಕ್ಕ ಕೊಡೋ ಔಷಧ ಇನ್ನೊಂದಕ್ಕ ನಡೆಯೂದಿಲ್ಲ. ಹೆಸರ ಗೊತ್ತಾಗದ ನಾವೇನೂ ಮಾಡಾಕ ಬರೂದಿಲ್ರಿ."

ತಮ್ಮ ಕೇಳಲಿಲ್ಲ. ಸೂಜಿ ತಾಗಿದರೆ ಗಂಟು ಮೈಯೆಲ್ಲ ಹರಡುತ್ತದೆ ಅಂತ ಮಾರ್ಕೆಟ್ಟಿನಲ್ಲಿ ಯಾರೋ ಹೇಳಿದ್ದರು. ಮಾರ್ಕೆಟ್ಟಿನಲ್ಲಿ ಎಲ್ಲ ರೋಗಕ್ಕೂ ಒಬ್ಬ ಡಾಕ್ಟರು ಚೀಲದ ಮೇಲೆ ಕೂತಿರುತ್ತಾನೆ. "ಅವರ ಹೇಳಿದಂಗ ಬಿಡೂಣು. ಹಿಂಗ ಉಪವಾಸ ಬಿದ್ದು ಹೋಗ್ಲಿ ಆಕಿ" ಅಂದೆ. ಹಾಗೆ ಅಂದದ್ದಕ್ಕೆ ಈಗಲೂ ಬೇಸರವಿಲ್ಲ. ಅಮ್ಮಿ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದವಳು, "ಜಗಳಾಡಬ್ಯಾಡ್ರಿ. ಚುಚ್ಚಲಿ. ನನ್ನ ಹೊಟ್ಟಿ ಅದು" ಅಂದಳು.

ಸೂಜಿಯ ದಿನ ಬೆಳಿಗ್ಗೆಯಿಂದ ಏನೂ ತಿನ್ನಬಾರದು, ಕುಡಿಯಬಾರದು ಅಂದಿದ್ದರು. ಬಸ್ಸಿನಲ್ಲಿ ಅಮ್ಮಿ, "ಇದು ಡಾಕ್ಟರಮ್ಮನ ರೋಜಾ" ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ಆಕೆ ನಕ್ಕದ್ದು. ನನಗೆ ನಗು ಬರಲಿಲ್ಲ.

ಆಕೆ ಒಬ್ಬಳೇ ಒಳಗೆ ಬರಲು ಒಪ್ಪದಿದ್ದಕ್ಕೆ ಡಾಕ್ಟರಮ್ಮ ನನ್ನನ್ನು ತಲೆಯ ಕಡೆ ನಿಲ್ಲಿಸಿದರು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮೊದಲೇ ಆಗಿತ್ತು. ಹೊಟ್ಟೆಗೆ ಔಷಧ ಒರೆಸಿದರು, ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಒಂದು ಕೈಯಲ್ಲಿ ಯಂತ್ರದ ಹಿಡಿಕೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸೂಜಿ ಹಿಡಿದರು. ನಾನು ಪರದೆ ನೋಡುತ್ತಿದ್ದೆ. ದಪ್ಪ ಗೋಡೆ ಮಸುಕು ಕಪ್ಪಾಗಿ ಕಾಣುತ್ತಿತ್ತು. ಅದರ ಕಡೆಗೆ ಒಂದು ಬಿಳಿ ಗೆರೆ ಮೆಲ್ಲಗೆ, ಓರೆಯಾಗಿ ಇಳಿಯಿತು. ಗೋಡೆಯ ಒಳಗೆ ಹೊಕ್ಕು ನಿಂತಿತು.

"ಅಮ್ಮಾ, ಉಸರ ಹಿಡೀರಿ. ಟಪ್ ಅಂತ ಸಪ್ಪಳ ಬರತದ, ಅಂಜಬ್ಯಾಡ್ರಿ."

ಟಪ್ ಅಂದಿತು. ಅಮ್ಮಿ "ಯಾ ಅಲ್ಲಾ" ಅಂದು ನನ್ನ ಕೈ ಹಿಂಡಿದಳು. ಸೂಜಿಯಿಂದ ಬಂದದ್ದು ನನ್ನ ಅಂಗಡಿಯ ನೆಲದ ಮೇಲೆ ಬಿದ್ದಿರುತ್ತದಲ್ಲ, ಕತ್ತರಿಸಿ ಎಸೆದ ದಾರದ ಎಳೆ, ಅಷ್ಟೇ. ಬೆಳ್ಳಗೆ, ಸಣ್ಣಗೆ. ಅದನ್ನು ಬಾಟಲಿಯ ಔಷಧದಲ್ಲಿ ಬಿಟ್ಟರು. ಹಾಗೇ ಇನ್ನೆರಡು ಸಲ ಮಾಡಿದರು. ನಾವು ತಿಂಗಳಾನುಗಟ್ಟಲೆ ತಿಳಿಯದೆ ತಿರುಗಿದ್ದಕ್ಕೆಲ್ಲ ಉತ್ತರ ಆ ಎಳೆಗಳಲ್ಲಿ ಇದೆ ಅಂದರೆ ನಂಬಿಕೆಯೇ ಬರಲಿಲ್ಲ.

ಆಮೇಲೆ ವಾರ್ಡಿನಲ್ಲಿ ಮಲಗಿಸಿದರು. ಸಿಸ್ಟರ್ ಆಗಾಗ ಬಂದು ನಾಡಿ, ಬಿಪಿ ನೋಡಿ ಹೋಗುತ್ತಿದ್ದರು. ಅಲುಗಾಡಬಾರದು ಅಂತ ಹೇಳಿದ್ದರಿಂದ ಅಮ್ಮಿ ಛತ್ತು ನೋಡುತ್ತ ಮಲಗಿದ್ದಳು. ನಾನು ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದೆ.

"ಆ ರೋಜಾ ಯಾವ್ವೂ ಕಜಾ ಅಲ್ಲ" ಅಂದಳು.

ನಿದ್ದೆ ಹಾರಿಹೋಯಿತು.

"ಕಜಾ ಎಲ್ಲಾ ತೀರಿ ಭಾಳ ದಿನಾ ಆಗೇತಿ. ಹೋದ ರಂಜಾನ್ ಬರೂಕಿಂತ ಮುಂಚೇನ ತೀರ್ಯಾವು. ನೀ ಹೊಟ್ಟ್ಯಾಗಿದ್ದಾಗ ಬಿಟ್ಟವೂ ಆಗ್ಯಾವು, ನಿನ್ನ ತಮ್ಮಂದೂ ಆಗ್ಯಾವು. ಇವು ಸುಮ್ಮನ ಹೇಳಿದ್ದು."

"ಯಾಕ?"

"ಮಧ್ಯಾಹ್ನದ ಊಟಕ್ಕ ಕರೀಬಾರದಂತ. ತುತ್ತು ಇಳೀತಿರಲಿಲ್ಲ. ತಾಟಿನ್ಯಾಗ ಬಿಟ್ರ ಸೊಸಿ ಮಾರಿ ಸಣ್ಣದು ಮಾಡ್ತಿದ್ಲು, ತನ್ನ ಅಡಗಿ ಕೆಟ್ಟೈತೇನೋ ಅಂತ. ಹೊರಗ ಗೊತ್ತಾದ್ರ ಓಣಿ ಮಂದಿ ಏನಂತಾರ? ಸೊಸಿ ಅತ್ತಿಗೆ ಉಣಿಸೂದಿಲ್ಲ ಅಂತಾರ. ಪಾಪದ್ದು, ಅದು ಏನ ಮಾಡೇತಿ? ರೋಜಾ ಅಂದ್ರ ಯಾರೂ ಕೇಳೂದಿಲ್ಲ."

"ಹೊಟ್ಟಿ ನೋವು ಅಂತ ಒಂದ ಮಾತ ನನಗ ಹೇಳಾಕ ಬಾಯಿರಲಿಲ್ಲೇನ?"

"ಹೇಳಿದ್ರ ನೀ ಅಂಗಡಿ ಮುಚ್ಚಿ ಬರತಿದ್ದಿ."

"ಈಗೇನ ಅಂಗಡಿ ತಗದಿಟ್ಟ ಬಂದೇನೇನ?"

ಅಮ್ಮಿಯ ಕಣ್ಣ ಮೂಲೆಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ, ಅಲುಗಾಡಬಾರದು ಅಂದಿದ್ದರಲ್ಲ. "ಬೀಮಾರಿಗೆ ಅಂಜೂದಿಲ್ಲ ನಾ. ಅಲ್ಲಾನ ಹೆಸರ ತಗೊಂಡು ಸುಳ್ಳ ಹೇಳೇನಿ. ಇಲ್ಲದ ಕಜಾ ಐತಿ ಅಂದೇನಿ. ನಾಳೆ ಅಂವ ಕೇಳಿದ್ರ ಏನಂತ ಹೇಳ್ಲಿ?"

ನನಗೆ ಸಿಟ್ಟು, ಅಳು, ಕರುಣೆ ಎಲ್ಲ ಒಮ್ಮೆಲೇ ಬಂತು. ಸಿಟ್ಟೇ ಮೊದಲು ಬಾಯಿಗೆ ಬಂತು. "ಸೊಸಿ ಹೆಸರ ಕೆಡಬಾರದಂತ ಹೇಳೇನಿ ಅನ್ನು. ಅಲ್ಲಾಗ ನಿನಕಿಂತ ಹೆಚ್ಚಿಗಿ ಬುದ್ಧಿ ಐತಿ" ಅಂದೆ. ಆಕೆಯ ಕಿವಿಯ ಹತ್ತಿರದ ನೀರನ್ನು ನನ್ನ ದುಪಟ್ಟಾದಿಂದ ಒರೆಸಿದೆ. ಸಂಜೆ ಹೊಟ್ಟೆ ಮೆತ್ತಗೆ ಇದೆ, ಏನೂ ತೊಂದರೆ ಇಲ್ಲ ಅಂತ ನೋಡಿ ಮನೆಗೆ ಕಳಿಸಿದರು.

ರಿಪೋರ್ಟು ಬರುವವರೆಗಿನ ದಿನಗಳಲ್ಲಿ ನಾನು ಹೊಲಿದ ಬಟ್ಟೆಗಳನ್ನು ಈಗ ನೆನೆದರೆ ನಾಚಿಕೆ ಆಗುತ್ತದೆ. ಒಬ್ಬರ ತೋಳು ಇನ್ನೊಬ್ಬರ ಜಂಪರಿಗೆ ಹಚ್ಚಿದೆ, ಬಿಚ್ಚಿದೆ, ಮತ್ತೆ ಹಚ್ಚಿದೆ. ನಮಾಜಿನಲ್ಲಿ ಏನು ಬೇಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಟಿಬಿ ಆಗಲಿ ಅಂತ ಬೇಡಿದೆ. ಹೆತ್ತ ತಾಯಿಗೆ ಟಿಬಿ ಕೊಡು ಅಂತ ದೇವರನ್ನು ಬೇಡುವ ಕಾಲ ಬಂತಲ್ಲ ಅಂತ ಹಣೆ ನೆಲಕ್ಕೆ ಹಚ್ಚಿದ ಸಜ್ದಾದಲ್ಲೇ ನಗು ಬಂತು.

ಹೆಸರು ಸಿಕ್ಕಿತು. ಟಿಬಿ ಅಲ್ಲ. ಗ್ರಂಥಿ ಜಾತಿಯ ಕ್ಯಾನ್ಸರು, ಲಿಂಫೋಮಾ. ಡಾಕ್ಟರಮ್ಮ ಹಾವೇರಿ ಆಸ್ಪತ್ರೆಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು, ಇದು ಕೊಯ್ಯದೆ ಔಷಧಕ್ಕೆ ಬಗ್ಗುವ ಜಾತಿ, ಆದರೆ ಹುಬ್ಬಳ್ಳಿಗೆ ತಿಂಗಳುಗಟ್ಟಲೆ ಓಡಾಡಬೇಕು, ಔಷಧ ಮೈಯನ್ನು ಹಣ್ಣು ಮಾಡುತ್ತದೆ, ಗ್ಯಾರಂಟಿ ಅಂತ ಯಾರೂ ಹೇಳುವುದಿಲ್ಲ, ಆದರೆ ದಾರಿ ಇದೆ ಅಂದರು. ನಾನು ಹಾವೇರಿ ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ದುಃಖ ಆಗಬೇಕಿತ್ತು, ಇಲ್ಲ ಸಂತೋಷ ಆಗಬೇಕಿತ್ತು. ನನಗೆ ನಿದ್ದೆ ಬಂತು. ರಾಣೆಬೆನ್ನೂರಿನ ಬಸ್ಸುಗಳು ಬಂದು ಹೋದವು, ನಾನು ಬ್ಯಾಗು ತಬ್ಬಿಕೊಂಡು ಮಲಗಿಬಿಟ್ಟಿದ್ದೆ.

ಅಮ್ಮಿಗೆ ಮುಚ್ಚಿಡಬೇಕು ಅಂದ ತಮ್ಮ. ಆ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕಾಗಿತ್ತು ನನಗೆ. ಎದುರಿಗೆ ಕೂತು ಹೇಳಿದೆ. "ಕೊಯ್ತಾರೇನ?" ಅಂತ ಕೇಳಿದಳು. ಇಲ್ಲ, ಔಷಧ ಅಂದೆ. "ಮತ್ತ ತುತ್ತು ಇಳೀತದೇನ?" ಇಳಿಯುತ್ತದೆ ಅಂದಿದ್ದಾರೆ ಅಂದೆ. "ನಡೀ ಹಂಗಾರ" ಅಂದಳು.

ಹುಬ್ಬಳ್ಳಿಯ ಓಡಾಟದ ಬಗ್ಗೆ ಬರೆಯುವುದಿಲ್ಲ. ಬರೆಯಲು ಕೂತರೂ ಸೊಂಟ ನೋಯುತ್ತದೆ. ಆಕೆಯ ತಲೆಕೂದಲು ಹೋಯಿತು, ಬಾಯಿ ಹುಣ್ಣಾಯಿತು, ಸಿಟ್ಟು ಮಾತ್ರ ಹೋಗಲಿಲ್ಲ. ನಡುವೆ ರಂಜಾನ್ ಬಂತು. ರೋಜಾ ಹಿಡಿಯುವ ಮಾತೇ ಇಲ್ಲ, ಹೊತ್ತು ಹೊತ್ತಿಗೆ ಊಟ ಮಾಡಲೇಬೇ‌ಕು ಅಂದರು ಡಾಕ್ಟರು. ಬುದ್ಧಿ ಬಂದಾಗಿನಿಂದ ತಿಂಗಳು ಪೂರ್ತಿ ಒಂದೂ ರೋಜಾ ಇಲ್ಲದ ರಂಜಾನ್ ಆಕೆಗೆ ಅದೇ ಮೊದಲು.

ತಮ್ಮ ಒಳ್ಳೆಯವನು. ಅಮ್ಮಿಯ ಮನಸ್ಸಿಗೆ ಭಾರ ಆಗಬಾರದು ಅಂತ ತಾನೇ ಒಂದು ಉಪಾಯ ಮಾಡಿದ. ರೋಜಾ ಹಿಡಿಯಲಾಗದವರು ಬಿಟ್ಟುಹೋದ ಒಂದೊಂದು ದಿನಕ್ಕೆ ಒಬ್ಬ ಬಡವನಿಗೆ ಊಟ ಕೊಡುವುದು ನಮ್ಮಲ್ಲಿ ಇದೆ, ಅದಕ್ಕೆ ಫಿದಿಯಾ ಅನ್ನುತ್ತಾರೆ. ಅವನು ತಿಂಗಳಿಗಾಗುವಷ್ಟು ಅಕ್ಕಿ ಚೀಲ ತಂದು ಪಡಸಾಲೆಯಲ್ಲಿ ಇಳಿಸಿದ. ನಾನೂ ಆ ದಿನ ಅಲ್ಲೇ ಇದ್ದೆ.

"ಏನಿದು?" ಅಂದಳು ಅಮ್ಮಿ.

"ನಿನ್ನ ಹೆಸರಿಲೆ ಫಿದಿಯಾ, ಅಮ್ಮಿ. ಎಲ್ಲಾ ಒಮ್ಮೆ ಕೊಟ್ಟ ಬಿಡೂಣು. ನಿನ್ನ ತಲ್ಯಾಗ ಚಿಂತಿ ಇರೂದಿಲ್ಲ."

ಆಕೆ ಗೋಡೆ ಹಿಡಿದುಕೊಂಡು ಎದ್ದಳು. ಔಷಧ ಶುರುವಾದ ಮೇಲೆ ಹಾಗೆ ಎದ್ದದ್ದನ್ನು ನಾನು ನೋಡಿರಲಿಲ್ಲ.

"ಫಿದಿಯಾ ಯಾರ ಕೊಡತಾರೋ? ಇನ್ನ ಆರಾಮ ಆಗೂದ ಇಲ್ಲ, ಮುಂದ ಯಾವತ್ತೂ ಹಿಡ್ಯಾಕ ಆಗೂದಿಲ್ಲ ಅನ್ನೋರು ಕೊಡತಾರ. ಆರಾಮ ಆಗೋರು ಕಜಾ ಹಿಡೀತಾರ. ನನ್ನ ಮುಗಿಸಿ ಚೀಲಾ ತಂದಿಯೇನ ನೀ?"

ತಮ್ಮನಿಗೆ ಅದು ಹೊಳೆದೇ ಇರಲಿಲ್ಲ. ಖರೇ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ. ನಾವಿಬ್ಬರೂ ಔಷಧ ಕೊಡಿಸುತ್ತಿದ್ದೆವು, ಬಸ್ಸು ಹತ್ತಿಸುತ್ತಿದ್ದೆವು, ಆದರೆ ಆಕೆ ಬದುಕುತ್ತಾಳೆ ಅಂತ ಒಳಗೆ ನಂಬಿದ್ದೆವೋ ಇಲ್ಲವೋ. ನಂಬಿದವಳು ಆಕೆ ಒಬ್ಬಳೇ ಇರಬೇಕು.

"ಚೀಲಾ ಖೈರಾತ್ ಅಂತ ಯಾರಿಗರೆ ಕೊಡು, ಚಲೋ ಕೆಲಸ. ನನ್ನ ರೋಜಾ ಲೆಕ್ಕಕ್ಕ ಮಾತ್ರ ಬ್ಯಾಡ. ಅವು ನನ್ನ ಬಾಕಿ. ಒಂದೂ ಬಿಡದ ಹಿಡೀತೇನಿ."

ನಾನು ಸಮಾಧಾನ ಮಾಡಲು ಹೋದೆ. ಆಸ್ಪತ್ರೆಯಲ್ಲಿ ಆಕೆ ಅತ್ತದ್ದು ಇನ್ನೂ ನನ್ನ ಮನಸ್ಸಿನಲ್ಲಿತ್ತು. "ಅವತ್ತ ಸುಮ್ಮನ ಹಿಡದಿದ್ದಿಯಲ್ಲ, ಅವನ್ನ ಈ ವರ್ಷದ ಬದ್ಲಿ ಹಿಡಕೊಂಡ್ರಾತು" ಎಂದು ಆಕೆಗೆ ಮಾತ್ರ ಕೇಳುವ ಹಾಗೆ ಅಂದೆ.

"ಮುಂಗಡ ನಡೆಯೂದಿಲ್ಲ. ಮೊದಲ ಬಾಕಿ ಬೀಳಬೇಕು, ಆಮ್ಯಾಲೆ ತೀರಿಸೂದು. ಈಗ ಬಿದ್ದೇತಿ" ಅಂದಳು. ಆ 'ಬಿದ್ದೇತಿ' ಅನ್ನುವಾಗ ಆಕೆಯ ದನಿಯಲ್ಲಿ ಒಂದು ಖುಷಿ ಇತ್ತು. ಈ ಸಲ ಸುಳ್ಳಿರಲಿಲ್ಲ.

ಅದೇ ಮಧ್ಯಾಹ್ನ ಊಟದ ಹೊತ್ತಿಗೆ ಅಡಿಗೆ ಮನೆಯ ಪರದೆ ಎಳೆದರು. ಮನೆಮಂದಿಗೆಲ್ಲ ರೋಜಾ. ತಮ್ಮನ ಹೆಂಡತಿ ಒಣಗಿದ ತುಟಿಯಲ್ಲೇ ಒಲೆಯ ಮುಂದೆ ಕೂತು ಅತ್ತೆಗಾಗಿ ಮೆತ್ತಗಿನ ರೊಟ್ಟಿ ಬಡಿದು ಹಾಲಿನಲ್ಲಿ ಮುರಿದು ಕೊಟ್ಟಳು. ಉಪವಾಸ ಇದ್ದವಳ ಎದುರಿಗೆ ತಿನ್ನಲು ಅಮ್ಮಿಗೆ ನಾಚಿಕೆ. ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ತಲೆಯ ಮೇಲಿನ ಸೆರಗು ಮುಂದಕ್ಕೆ ಎಳೆದುಕೊಂಡು, ಒಂದೊಂದೇ ತುತ್ತು ನುಂಗಿದಳು. ನಾನು ಬಾಗಿಲಲ್ಲಿ ನಿಂತು ತುತ್ತು ಇಳಿಯುವುದನ್ನೇ ನೋಡುತ್ತಿದ್ದೆ. ಬಟ್ಟಲು ಖಾಲಿ ಆಯಿತು. ಇನ್ನು ಏಳುತ್ತಾಳೆ ಅಂದುಕೊಂಡೆ. ಆಕೆ ತಿರುಗದೆಯೇ ಬಟ್ಟಲನ್ನು ಹಿಂದಕ್ಕೆ ಚಾಚಿದಳು.

"ಇನ್ನರ್ಧಾ ಹಾಕ ಬೇಟಿ. ತಿಂಗಳ ಪೂರ್ತಿ ಕಜಾ ಹಿಡೀಬೇಕಂದ್ರ ಮೈಯಾಗ ಕಸುವ ಬೇಕಲ್ಲ."